ಅತ್ತಿಯವರ ತಂಬೂರಿ ಸೀಳಿದ್ದು, ಕೂಡಿದ್ದು

ಮೊದಲ ತಪ್ಪು ಒಪ್ಪಿಕೊಂಡು ಬಿಡತೇನಿ. ತಂಬೂರಿ ಸೀಳಿದ್ದು ನನ್ನಿಂದ.

ಹೋದ ಯುಗಾದಿ ಮುಂದ ಮನಿಗೆ ಸುಣ್ಣ-ಬಣ್ಣ ಮಾಡಿಸಿದ್ವಿ. ಪಡಸಾಲಿ ಸಾಮಾನೆಲ್ಲಾ ಎತ್ತಿ ಹಾಕೋ ಗದ್ದಲದಾಗ ಅತ್ತಿಯವರ ತಂಬೂರಿನ್ನ ಹಿತ್ತಲ ಕಡೆ ಖೋಲ್ಯಾಗ, ಪಶ್ಚಿಮ ಕಿಟಕಿ ಕೆಳಗ ಗೋಡಿಗೆ ಆನಿಸಿ ಇಟ್ಟೆ. ಗವಸಣಿಗಿ ಹಾಕೇನಲ್ಲ, ಏನಾಗ್ತದ ಅಂತ ಧೈರ್ಯ. ಹತ್ತು ದಿನ ಸಂಜಿ ಬಿಸಿಲು ಅದರ ಮ್ಯಾಲೇ ಬಿದ್ದದ. ಧಾರವಾಡದ ಚೈತ್ರದ ಬಿಸಿಲು ನಿಮಗೇನು ಹೊಸದಲ್ಲ. ಹನ್ನೊಂದನೇ ದಿನ ಮಧ್ಯಾಹ್ನ ಟಪ್ ಅಂತ ಸಪ್ಪಳಾತು. ಹಲ್ಲಿ ಬಿತ್ತೇನೋ ಅಂದ್ಕೊಂಡು ಹಿಟ್ಟು ನಾದೋದು ಮುಂದುವರಿಸಿದೆ.

ರಾತ್ರಿ ಗವಸಣಿಗಿ ತಗದು ನೋಡಿದ್ರ, ಮುಂದಿನ ಹಲಗಿ ಮ್ಯಾಲೆ ಘೋಡಿ ಮಗ್ಗಲದಿಂದ ಕೆಳತನಕ ಒಂದು ಗೇಣು ನಾಲ್ಕು ಬೆರಳು ಉದ್ದ ಸೀಳು. ಉಗುರು ಹೋಗುವಷ್ಟು ಅಗಲ. ತಂತಿ ಮೀಟಿದ್ರ ಡಬ್ಬ್ಯಾಗ ಜೇನ ಹುಳ ಸಿಕ್ಕೊಂಡಂಗ ಸಪ್ಪಳ.

ಅತ್ತಿಯವರಿಗೆ ಈಗ ಎಂಬತ್ತಾರು. ಅವರ ಅಪ್ಪ ಅದನ್ನ ಮಿರಜಿನಿಂದ 1954ರಾಗ ತಂದುಕೊಟ್ಟಿದ್ದು. ಅವರು ಸೀಳಿನ ಮ್ಯಾಲೆ ಬೆರಳು ಆಡಿಸಿ, "ಇರಲಿ ಬಿಡು, ಅದಕ್ಕೂ ವಯಸ್ಸಾತು" ಅಂದ್ರು. ಬೈದಿದ್ರ ಬೇಕಾಗಿತ್ತು ನೋಡ್ರಿ.

ಇಷ್ಟೇ ಆಗಿದ್ರ ಇದನ್ನ ಬರೀತಿರಲಿಲ್ಲ. ಆದ್ರ ಈ ಸೀಳು ಕೂಡಿಸಲಿಕ್ಕೆ ಹೋಗಿ ನಮ್ಮ ಮನಿಯ ಒಂದು ಹಳೇ ಕತಿ ಸುಳ್ಳಾತು. ಆ ಕತಿ ನಾನೇ ಇಲ್ಲೆ ಒಮ್ಮೆ ನವರಾತ್ರಿ ಹೊತ್ತಿನ್ಯಾಗ ಬರದಿದ್ದೆ. ನೀವು ಓದಿ ನಮ್ಮವರ ಅಜ್ಜಿಗೆ ಭಾಳ ಬೈದಿದ್ರಿ. ಅದಕ್ಕ ತಿದ್ದುಪಡಿ ಬರಿಯೋದು ನನ್ನ ಮ್ಯಾಲೆ ಬಂದದ.

ಓದದವರಿಗೆ ಆ ಕತಿ ಇಷ್ಟು. ಅತ್ತಿಯವರು 1958ರಾಗ ಈ ಮನಿಗೆ ಬಂದಾಗ ತಂಬೂರಿ ಸಂಗಾತ ತಂದ್ರು. ಅಜ್ಜಿ ಹೊಸ್ತಿಲದಾಗ ನಿಂತು, "ಈ ಮನ್ಯಾಗ ಹಾಡೋ ಸೊಸಿ ಬ್ಯಾಡ" ಅಂದ್ಲಂತ. ತಂಬೂರಿ ಅಟ್ಟ ಸೇರ್ತು. ಅಜ್ಜಿ ತೀರಿದ ಮ್ಯಾಲೆ ಕೆಳಗ ಬಂತು, ಆದ್ರ ಅಷ್ಟೊತ್ತಿಗೆ ಅತ್ತಿಯವರ ದನಿ ಹೋಗಿತ್ತು. ಮನ್ಯಾಗ ಎಲ್ಲಾರೂ ಹೇಳೋದು ಇದನ್ನೇ. ನಮ್ಮವರೂ, ಕಾಕಾನೂ, ನಾದಿನೀರೂ.

ಇನ್ನ ರಿಪೇರಿ ಮಾತು. ಮೊದಲು ನಮ್ಮವರು ಬಡಿಗ್ಯಾರ ಕಡೆಯಿಂದ ಬಿಳೇ ಅಂಟಿನ ಡಬ್ಬಿ ತಂದು, ಸೀಳಿನ್ಯಾಗ ತುಂಬಿ, ಮ್ಯಾಲೆ ಗೋಧಿ ಚೀಲ ಹೇರಿದ್ರು. "ಖುರ್ಚಿ ಕಾಲು ಕೂಡ್ತಾವ, ಇದ್ಯಾಕ ಕೂಡಂಗಿಲ್ಲ?" ಅಂದ್ರು. ಎರಡು ದಿನಕ್ಕ ಕೂಡಿದಂಗ ಕಾಣಿಸ್ತು. ತಂತಿ ಏರಿಸಿದ ರಾತ್ರೀನೇ ಮತ್ತ ಬಿಟ್ಟಿತು. ಈ ಸರ್ತಿ ಹಳೇ ಸೀಳಿನ ಮಗ್ಗಲಕ್ಕ ಕೂದಲೆಳಿಯಷ್ಟು ಇನ್ನೊಂದು ಗೆರಿ.

ಮಗಳು ಫೋನಿನ್ಯಾಗ, "ಅವ್ವಾ, ಇಲೆಕ್ಟ್ರಾನಿಕ್ ತಂಬೂರಿ ತಗೊಂಬಿಡು, ಈಗ ಮೊಬೈಲಿನ್ಯಾಗೂ ಬರ್ತದ" ಅಂದ್ಲು. ಅದೇನು ಕೀಳು ವಸ್ತು ಅಲ್ಲ. 1970ರ ದಶಕದ ಕೊನಿಗೆ ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ ಅನ್ನೋ ಇಂಜಿನಿಯರು, ಅವರು ಕೊಳಲು ವಾದಕರೂ ಹೌದು, ಅದನ್ನ ಮಾಡಿದ ಮ್ಯಾಲೆ ಒಬ್ಬರೇ ಕೂತು ಅಭ್ಯಾಸ ಮಾಡೋ ಎಷ್ಟೋ ಹುಡುಗ್ಯಾರಿಗೆ ಅನುಕೂಲ ಆಗೇದ. ಆದ್ರ ನನಗ ಬೇಕಾಗಿದ್ದು ಶ್ರುತಿ ಅಲ್ಲ. ಮುರದದ್ದನ್ನ ಸರಿ ಮಾಡಬೇಕಾಗಿತ್ತು. ಅತ್ತಿಯವರಿಗೆ ಹೇಳಿ, ತಂಬೂರಿಗೆ ಎರಡು ದುಪ್ಪಟಿ ಸುತ್ತಿ, ನಾನೂ ನಮ್ಮವರೂ ಮಿರಜಿನ ಗಾಡಿ ಹತ್ತಿದ್ವಿ. ಲೋಂಡಾ, ಬೆಳಗಾವಿ ದಾಟಿ ಐದು ತಾಸಿನ ಹಾದಿ. ತಂಬೂರಿಗೆ ಕಿಟಕಿ ಸೀಟು, ನಮ್ಮವರು ಬಾಗಲದಾಗ.

ಮಿರಜಿಗೆ ತಂಬೂರಿ ಮಾಡೋ ಕೆಲಸ ಹೆಂಗ ಬಂತು ಅನ್ನೋದು ಕೇಳೋವಂಥ ಸಂಗತಿ. ಅದು ಪಟವರ್ಧನರ ಸಣ್ಣ ಸಂಸ್ಥಾನ. ಅಲ್ಲೆ ಶಿಕಲಗಾರರು ಅನ್ನೋ ಮುಸಲ್ಮಾನ ಮನೆತನದವರ ಕಸಬು ಕತ್ತಿ, ಭರ್ಚಿ ಮಾಡೋದು, ಸಾಣಿ ಹಿಡಿಯೋದು. ಪೇಶ್ವೆ ರಾಜ್ಯ 1818ರಾಗ ಮುಗದು ಇಂಗ್ಲಿಷರ ಕೈ ಮ್ಯಾಲಾತು. ಯುದ್ಧನೇ ಇಲ್ಲಂದ ಮ್ಯಾಲೆ ಕತ್ತಿ ಯಾರಿಗೆ ಬೇಕು? ಅದೇ ಹೊತ್ತಿಗೆ ಉತ್ತರದ ಕಡೆಯಿಂದ ಗವಾಯಿಗಳು ಈ ಸಂಸ್ಥಾನಗಳಿಗೆ ಬರ್ಲಿಕ್ಕೆ ಹತ್ತಿದ್ರು. ಅವರ ವಾದ್ಯ ಕೆಟ್ಟರ ಸರಿ ಮಾಡವ್ರು ಇಲ್ಲೆ ಇರಲಿಲ್ಲ. ಫರೀದಸಾಹೇಬ ಶಿಕಲಗಾರ ಅನ್ನೋರು ಮೊದಲು ರಿಪೇರಿ ಮಾಡ್ತಾ ಮಾಡ್ತಾ, 1850ರ ಆಜೂಬಾಜು ತಾವೇ ವಾದ್ಯ ಮಾಡ್ಲಿಕ್ಕೆ ಸುರು ಮಾಡಿದ್ರು ಅಂತ ಮಿರಜಿನವರು ಹೇಳ್ತಾರ. ರಾಜರ ಆಸರಾ ಸಿಕ್ತು. ಆಮ್ಯಾಲೆ ಆ ಮನೆತನದ ಎಷ್ಟೋ ಮಂದಿಗೆ ಸಿತಾರಮೇಕರ ಅನ್ನೋದೇ ಅಡ್ಡಹೆಸರಾತು. 2024ರಾಗ ಮಿರಜಿನ ಸಿತಾರಿಗೂ ತಂಬೂರಿಗೂ, ನಮ್ಮ ಧಾರವಾಡ ಪೇಢೆಕ್ಕ ಇದ್ದಂಗ, ಜಿಐ ಮುದ್ರಿ ಸಿಕ್ಕದ.

ಅಂದ್ರ ನೋಡ್ರಿ, ಈ ಊರಿನ ಇಡೀ ಕಸಬು ಹುಟ್ಟಿದ್ದೇ ರಿಪೇರಿಯಿಂದ. ಹೊಸಾದು ಮಾಡೋದು ಆಮ್ಯಾಲೆ ಬಂತು.

ನಮ್ಮ ಕಡೆಗೂ ಮಿರಜಿಗೂ ನಂಟು ಹಳೇದು. 1880ರ ದಶಕದಾಗ ಸದರ್ನ್ ಮರಾಠಾ ರೇಲ್ವೆ ಬಂದಾಗಿಂದ ಹುಬ್ಬಳ್ಳಿ-ಧಾರವಾಡದವರಿಗೆ ಮಿರಜ ಅಂದ್ರ ಎರಡು ಕೆಲಸದ ಊರು. ಒಂದು ದೊಡ್ಡ ದವಾಖಾನಿ. ಡಾಕ್ಟರ ವಾನ್ಲೆಸ್ 1894ರಾಗ ಸುರು ಮಾಡಿದ ಮಿಶನ್ ದವಾಖಾನಿಗೆ ನಮ್ಮ ಹಿರೇರೆಲ್ಲಾ ಒಮ್ಮ್ಯಾದ್ರೂ ಹೋಗಿ ಬಂದವರೇ. ಇನ್ನೊಂದು ಗಾಯನ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನ್ ಸಾಹೇಬರು ಮಿರಜಿನ್ಯಾಗ ಮನಿ ಮಾಡಿದ್ರು. ಪ್ಲೇಗ್ ಆದಾಗ ಅಲ್ಲಿಯ ಮೀರಾಸಾಹೇಬ ದರ್ಗಾದ ಮುಂದ ಹಾಡಿ ವಾಸಿ ಆದ್ರು ಅಂತ ಹೇಳ್ತಾರ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಕಡೆ ಕಲಿಲಿಕ್ಕೆ ನಮ್ಮ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೇಲ್ವೆಯೊಳಗ ಕುಂದಗೋಳಕ್ಕ ಹೋಗಿ ಬರ್ತಿದ್ರು. ಗದಗಿನ ಭೀಮಸೇನ ಜೋಶಿಯವರು ಅಲ್ಲೇ ಗುರುಗಳ ಮನ್ಯಾಗ ಇದ್ದು ನೀರು ಹೊತ್ತು ಕಲಿತ್ರು.

ಖಾನ್ ಸಾಹೇಬರಿಗೆ ತಂಬೂರಿ ಶ್ರುತಿ ಅಂದ್ರ ಪ್ರಾಣ. 1937ರಾಗ ಮದ್ರಾಸಿನಿಂದ ಪಾಂಡಿಚೇರಿಗೆ ಹೊಂಟಾಗ ಗಾಡ್ಯಾಗ ಎದಿ ನೋವು ಬಂತು. ಸಿಂಗಪೆರುಮಾಳ ಕೋಯಿಲ್ ಅನ್ನೋ ಸಣ್ಣ ಸ್ಟೇಶನ್ನಿನ್ಯಾಗ ಇಳದು, ಪ್ಲಾಟಫಾರಂ ಮ್ಯಾಲೆ ಹಾಸಿಗಿ ಹಾಕಿಸಿ, ತಂಬೂರಿ ಶ್ರುತಿ ಮಾಡಿಸಿ, ದೇವರ ಪ್ರಾರ್ಥನಾ ಹಾಡಿ ಪ್ರಾಣ ಬಿಟ್ರು. ಅವರ ಸಮಾಧಿ ಮಿರಜಿನ ಆ ದರ್ಗಾದಾಗೇ ಅದ. ತಂಬೂರಿ ಮಾಡವ್ರ ಓಣಿ ಅಲ್ಲಿಂದ ನಡಕೊಂಡು ಹೋಗುವಷ್ಟು ದೂರ.

ನಾವು ಹೋದ ಅಂಗಡಿ ನಮ್ಮ ಅಡಗಿಮನಿಯಷ್ಟೂ ಇಲ್ಲ. ಗೋಡಿ ತುಂಬ ಒಣಗಿದ ಕಾಯಿ ತೂಗಬಿಟ್ಟಿದ್ರು. ಕೆಲವು ನೀರಿನ ಕೊಡದಷ್ಟು, ಕೆಲವು ಹರಿವಾಣದಷ್ಟು ಅಗಲ. ಇವು ತಿನ್ನೋವಲ್ಲ, ಕಹಿ ಸೋರಿ ಜಾತಿ. ಮರಾಠಿಯೊಳಗ ಭೋಪಳಾ ಅಂತಾರ. ಪಂಢರಪುರದ ಕಡೆ ಹೊಲದಾಗ ಇದಕ್ಕಂತನೇ ಬಳ್ಳಿ ಹಚ್ಚತಾರ. ಕಾಯಿ ಬಳ್ಳಿ ಮ್ಯಾಲೇ ಬಲಿತು, ಆಮ್ಯಾಲೆ ತಿಂಗಳಗಟ್ಟಲೆ ಒಣಗಬೇಕು. ವಿಠ್ಠಲನ ಊರಿನ ಮಣ್ಣಿನ್ಯಾಗ ಬೆಳದ ಕಾಯಿ, ಮುಸಲ್ಮಾನ ಕಾರಾಗೀರರ ಕೈ, ಹಾಡೋದು ನಮ್ಮ ದೇವರ ಮನ್ಯಾಗ.

ಕೆಲಸ ಮಾಡೋ ಚಾಚಾಗ ಎಪ್ಪತ್ತು ದಾಟೇದ. ಕನ್ನಡ, ಮರಾಠಿ, ಹಿಂದಿ ಮೂರೂ ಕೂಡಿಸಿ ಮಾತಾಡ್ತಾರ. ತಂಬೂರಿ ತೊಡಿ ಮ್ಯಾಲೆ ಇಟ್ಕೊಂಡು, ಹಲಗಿಯನ್ನ ಬೆರಳ ಗಂಟಿನಿಂದ ಅಲ್ಲಲ್ಲೆ ಬಡದು ಕೇಳಿದ್ರು, ಕಲ್ಲಂಗಡಿ ಆರಿಸವ್ರಂಗ. ಆಮ್ಯಾಲೆ ಸೀಳಿನ ಮ್ಯಾಲೆ ಒಣಗಿದ ಬಿಳೇ ಅಂಟು ನೋಡಿ ತಲಿ ಎತ್ತಿ, "ಇದು ಯಾರು ಹಚ್ಚಿದ್ರು?" ಅಂದ್ರು. ನಾನು ನಮ್ಮವರ ಕಡೆ ನೋಡಿದೆ. ನಮ್ಮವರು ಕಾಯಿ ಎಣಸ್ಲಿಕ್ಕೆ ಹತ್ತಿದ್ರು.

ಚಾಚಾ ತಿಳಿಸಿ ಹೇಳಿದ್ದನ್ನ ನಾನು ನಿಮಗ ನಮ್ಮ ಮಾತಿನ್ಯಾಗ ಹೇಳತೇನಿ.

ಮುಂದಿನ ಹಲಗಿಗೆ ತಬಲಿ ಅಂತಾರ. ತೂಣ ಅನ್ನೋ ಕೆಂಪು ಛಾಯಾದ ಹಗರ ಕಟಗಿ. ಎರಡು ಮೂರು ನಾಣ್ಯ ಒಂದರ ಮ್ಯಾಲೊಂದು ಇಟ್ಟಷ್ಟೇ ದಪ್ಪ, ನಡುವ ಸ್ವಲ್ಪ ಉಬ್ಬು. ತಂತಿ ನಾಲ್ಕು, ಮೂರು ಉಕ್ಕಿನವು, ಒಂದು ಹಿತ್ತಾಳಿದು. ಹಗಲೂ ರಾತ್ರಿ ಅವು ಎಳಕೊಂಡೇ ಇರ್ತಾವ. ಆ ಜಗ್ಗಾಟದ ಭಾರ ಘೋಡಿ ಮ್ಯಾಲಿಂದ ತಬಲಿ ಮ್ಯಾಲೆ ಬೀಳತದ. ತಬಲಿ ದಪ್ಪ ಮಾಡಿದ್ರ ಸೀಳಂಗಿಲ್ಲ ಖರೆ, ಆದ್ರ ದನಿನೂ ಬರಂಗಿಲ್ಲ. ತೆಳ್ಳಗ ಇದ್ದದ್ದಕ್ಕೇ ಅದು ನಡುಗತದ, ನಡುಗೋದಕ್ಕೇ ತಂಬೂರಿ ಮಾತಾಡತದ. ಅಪಾಯನೂ ಅಲ್ಲೇ ಅದ.

ಮತ್ತ ಕಟಗಿ ಉಸುರಾಡತದ. ನಮ್ಮ ಹಿತ್ತಲ ಬಾಗಲ ನೋಡ್ರಿ, ಶ್ರಾವಣದಾಗ ಮುಚ್ಚಂಗಿಲ್ಲ, ಚೈತ್ರದಾಗ ಸಂದ್ಯಾಗ ಬೆರಳು ಹೋಗತದ. ಕಟಗಿ ಉದ್ದಕ್ಕ ಹೆಚ್ಚು ಕಮ್ಮಿ ಆಗೋದು ತೀರಾ ಅಲ್ಪ, ಅಡ್ಡಕ್ಕ ಕುಗ್ಗತದ, ಹಿಗ್ಗತದ. ತಬಲಿನ್ನ ಸುತ್ತೂ ಕಡೆ ಕಾಯಿಗೆ ಅಂಟಿಸಿರ್ತಾರ. ಬಿಸಿಲಿಗೆ ತಬಲಿ ಕುಗ್ಗಬೇಕಂದ್ರ ಅಂಚು ಬಿಡಂಗಿಲ್ಲ. ಆವಾಗ ಎಲ್ಲೆ ಎಳಿ ಸಡಲ ಇರ್ತದೋ ಅಲ್ಲೆ ಉದ್ದಕ್ಕ ಸೀಳತದ. ನನ್ನ ಪಶ್ಚಿಮ ಕಿಟಕಿ ಮಾಡಿದ ಕೆಲಸ ಇದು.

ಇನ್ನ ಅಂಟಿನ ಮಾತು. ಇದೇ ನನಗ ಭಾಳ ಹೊಸಾದು. ಮಿರಜಿನವರು ಹಚ್ಚೋದು ಸರೇಸು. ದನದ ಚರ್ಮ, ಎಲುಬು ಕುದಿಸಿ ಮಾಡೋ ಅಂಟು. ಬೆಲ್ಲದ ಹೆಂಟಿ ಒಡದಂಗ ಕಾಣೋ ಚೂರು, ರಾತ್ರಿ ನೀರಾಗ ನೆನಿ ಹಾಕಿ, ಮುಂಜಾನೆ ಪಾತ್ರ್ಯಾಗ ಪಾತ್ರಿ ಇಟ್ಟು ಕಾಯಸ್ತಾರ. ಕುದಿ ಬರಬಾರದು, ಬಂದ್ರ ಹಿಡಿತ ಹೋಗತದ. ನನ್ನ ಮಾರಿ ನೋಡಿ ಚಾಚಾಗ ನಗು ಬಂತು. ಎಪ್ಪತ್ತು ವರ್ಷ ನಮ್ಮ ಮಡಿ ಮನ್ಯಾಗ, ದೇವರ ಪೆಟಿಗಿ ಮಗ್ಗಲಕ್ಕ ಇದ್ದ ತಂಬೂರಿ ಕೂಡಿಕೊಂಡಿದ್ದು ಇದರಿಂದ!

"ಇದಕ್ಕಿಂತ ಗಟ್ಟಿ ಅಂಟು ಈಗ ಸಿಗತಾವಲ್ಲ ಚಾಚಾ?" ಅಂತ ಕೇಳಿದೆ.

"ಗಟ್ಟಿ ಬ್ಯಾಡ ಬೆಹೆನ್" ಅಂದ್ರು. "ಅಂಟು ಕಟಗಿಗಿಂತ ಗಟ್ಟಿ ಇದ್ರ, ನಾಳೆ ಮತ್ತ ಬಿಸಿಲು ಬಿದ್ದಾಗ ಅಂಟು ಬಿಡಂಗಿಲ್ಲ, ಕಟಗಿ ಹರೀತದ. ಸರೇಸು ಬಿಸಿನೀರಿಗೆ, ಕಾಸಿದ ಚೂರಿಗೆ ಬಿಡತದ. ನನ್ನ ಹಿಂದ ಬರೋವ ತಗದು ನೋಡಬೇಕಲ್ಲ?"

ಬಿಳೇ ಅಂಟಿನ ತ್ರಾಸು ಅಂದ್ರ ಅದು ಕಟಗಿಯೊಳಗ ಹೊಕ್ಕು ಕೂತು, ಆಮ್ಯಾಲೆ ಸರೇಸು ಹಿಡೀಲಿಕ್ಕೆ ಬಿಡಂಗಿಲ್ಲ. ಮೊದಲು ಅದನ್ನ ಕೆರದು ತಗೀಬೇಕು. ಕೆರದಷ್ಟು ಕಟಗಿನೂ ಹೋಗತದ. ಸೀಳಿಗಿಂತ ನಮ್ಮ ರಿಪೇರಿನೇ ಹೆಚ್ಚು ಹಾನಿ ಮಾಡಿತ್ತು.

ಚಾಚಾನ ಮೊಮ್ಮಗ ಅಲ್ಲೇ ಕೂತಿದ್ದ. ಮೊಬೈಲಿನ್ಯಾಗ ಒಂದು ವಿಡಿಯೋ ತೋರಿಸಿದ. ಯುರೋಪಿನ ಡಬಲ್ ಬೇಸ್ ಅನ್ನೋ ವಾದ್ಯ. ಪಿಟೀಲಿನ ಜಾತಿದೇ, ಆದ್ರ ಆಳಿಗಿಂತ ಎತ್ತರ, ನಿಂತು ಬಾರಸ್ತಾರ. ಅದರದೂ ಮುಂದಿನ ಹಲಗಿ ಸೀಳಿತ್ತು. ಅಲ್ಲೆ ಬಿಸಿಲಲ್ಲ, ಚಳಿಗಾಲದಾಗ ಮನಿ ಬೆಚ್ಚಗ ಮಾಡ್ತಾರಲ್ಲ, ಆ ಒಣ ಹವಾಕ್ಕ. ರಿಪೇರಿ ಮಾಡೋವ ಹಲಗಿ ಬಿಚ್ಚಿ, ಇದೇ ಜಾತಿ ಚರ್ಮದ ಅಂಟು ಕಾಸಿ ಹಚ್ಚಿ, ಒಳಗಿಂದ ಸೀಳಿಗೆ ಅಡ್ಡಲಾಗಿ ಸಣ್ಣ ಸಣ್ಣ ಕಟಗಿ ಬಿಲ್ಲೆ ಕೂಡಸ್ತಿದ್ದ. ಚಾಚಾ ಕನ್ನಡಕ ಏರಿಸಿ ಪೂರ್ತಿ ನೋಡಿ, "ನಮ್ಮವನೇ" ಅಂದು ಕೆಲಸಕ್ಕ ಕೂತ್ರು.

ನನ್ನ ಅಬಚಿ ಮಗಳು ಸಾಂಗ್ಲ್ಯಾಗ ಇದ್ದಾಳ. ಅವತ್ತು ರಾತ್ರಿ ಅಲ್ಲೆ ಉಳದು, ಮರುದಿನ ತಬಲಿ ತಗಿಯೋದನ್ನ ನೋಡ್ಲಿಕ್ಕೆ ಮತ್ತ ಬಂದ್ವಿ. ತಂತಿ, ಘೋಡಿ ಬಿಚ್ಚಿ ಇಟ್ಟಿದ್ರು. ಚಾಚಾ ತೆಳ್ಳಗಿನ ಚೂರಿ ಕಾಸಿ, ತಬಲಿ ಮತ್ತ ಕಾಯಿ ಕೂಡೋ ಅಂಚಿನ್ಯಾಗ ಬೆರಳಗಲ, ಬೆರಳಗಲ ಸರಸ್ತಾ ಹೊಂಟ್ರು. ನಡನಡುವ ಒದ್ದಿ ಅರಿವಿ ಒತ್ತೋದು, ಮತ್ತ ಚೂರಿ. ತಾಸು ಹೊತ್ತು ಯಾರೂ ಮಾತಾಡಲಿಲ್ಲ. ಆಮ್ಯಾಲೆ ಹಪ್ಪಳ ಎಬ್ಬಿಸಿದಂಗ ತಬಲಿ ಎದ್ದು ಬಂತು. ಒಳಗಿಂದ ಹಳೇ ಧೂಳು, ಕರ್ಪೂರದಂಥ ವಾಸನಿ.

ತಬಲಿ ತಿರುವಿ ನೋಡಿದವರೇ ಚಾಚಾ, "ಇದು ಮೊದಲೊಮ್ಮೆ ತಗದದ್ದು ಅದ" ಅಂದ್ರು.

ನಾನು "ಇಲ್ಲ ಚಾಚಾ, ಅದು ಅಟ್ಟದ ಮ್ಯಾಲೇ ಇತ್ತು, ಯಾರೂ ಮುಟ್ಟಿಲ್ಲ" ಅಂದೆ.

ಚಾಚಾ ತಬಲಿನ್ನ ಬೆಳಕಿಗೆ ಹಿಡದ್ರು. ಈಗಿನ ಸೀಳಿನ ಇನ್ನೊಂದು ಮಗ್ಗಲಕ್ಕ, ಘೋಡಿಯಿಂದ ಮ್ಯಾಲಕ್ಕ, ಒಂದು ಹಳೇ ಸೀಳಿನ ಗೆರಿ. ಅದರ ಮ್ಯಾಲೆ ಅಡ್ಡಡ್ಡ ಐದು ಕಟಗಿ ಬಿಲ್ಲೆ, ಹುಣಸಿ ಬೀಜದಷ್ಟು ದೊಡ್ಡವು, ಅಂಚು ನುಣ್ಣಗ ಕೆತ್ತಿದ್ದು. ಹೊರಗಿಂದ ಎಪ್ಪತ್ತು ವರ್ಷ ನೋಡಿದವರಿಗೂ ಗೊತ್ತಾಗಿರಲಿಲ್ಲ, ಅಷ್ಟು ಛೊಲೊ ಕೂಡಿಸಿದ್ರು. ಬಿಲ್ಲೆಗಳ ಕೆಳಗ ಪೆನ್ಸಿಲ್ಲಿನಿಂದ ಮರಾಠಿ ಅಂಕಿಯೊಳಗ 1963 ಅಂತ ಬರದಿತ್ತು. ತಂಬೂರಿ ತಗದವ್ರು ಹಂಗ ವರ್ಷ ಬರದು ಮುಚ್ಚತಾರಂತ.

1963. ಅಜ್ಜಿ ತೀರಿದ್ದು 1971ರಾಗ. ಹಂಗಾದ್ರ ಅಟ್ಟದ ಮ್ಯಾಲಿದ್ದ ತಂಬೂರಿ ಮಿರಜಿಗೆ ಹೆಂಗ ಬಂತು? ನಮ್ಮವರು 1964ರಾಗ ಹುಟ್ಟಿದವರು, ಅವರಿಗೇನು ಗೊತ್ತು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ.

ಊರಿಗೆ ಬಂದು ಅತ್ತಿಯವರ ಮುಂದ ಕೂತು ಕೇಳಿದೆ. ಮೊಬೈಲಿನ್ಯಾಗ ಫೋಟೋ ತೋರಿಸಿದೆ. ಅವರು ಭಾಳೊತ್ತು ಸುಮ್ಮನಿದ್ರು. ಶೇಂಗಾ ಸುಲೀತಿದ್ರು, ಆ ಬುಟ್ಟಿ ಸರಿಸಿ ಇಟ್ರು.

"ಅಂಕಿ ಬರದಾರಂತ ನನಗೂ ಗೊತ್ತಿರಲಿಲ್ಲ" ಅಂದ್ರು. ಆಮ್ಯಾಲೆ ಹೇಳಿದ್ರು.

ಅಜ್ಜಿ ಹೊಸ್ತಿಲದಾಗ ಆ ಮಾತು ಅಂದಿದ್ದು ಖರೆ. ಆ ಕಾಲ ಹಂಗಿತ್ತು. ಹಾಡಿಕೆ ಅಂದ್ರ ಮಂದಿ ತಲ್ಯಾಗ ಬ್ಯಾರೇನೇ ಇರ್ತಿತ್ತು. ಗಂಗೂಬಾಯಿಯವರು ತಾವೇ ಹೇಳ್ಯಾರ, ಸಣ್ಣಾಕಿ ಇದ್ದಾಗ ಧಾರವಾಡದ ಓಣ್ಯಾಗ ಹೊಂಟ್ರ ಮಂದಿ ಹಿಂದ ನಿಂತು ಚ್ಯಾಷ್ಟಿ ಮಾಡ್ತಿದ್ರು ಅಂತ. 1924ರ ಬೆಳಗಾವಿ ಕಾಂಗ್ರೆಸ್ಸಿನ್ಯಾಗ ಗಾಂಧೀಜಿ ಮುಂದ ಸ್ವಾಗತದ ಹಾಡು ಹಾಡಿದ ಹುಡುಗಿಗೆ, ಆ ಹಾಡಿಗಿಂತ ಊಟದ ಹೊತ್ತಿಗೆ ತನ್ನ ಜಾತಿಯವರನ್ನ ಎಲ್ಲೆ ಕೂಡಸ್ತಾರೋ ಅನ್ನೋದೇ ದೊಡ್ಡ ಚಿಂತಿ ಆಗಿತ್ತು. ನಮ್ಮಂಥ ಮನಿಗಳಾಗ ಹಾಡಿನ ಮ್ಯಾಲೆ ಸಿಟ್ಟಿರಲಿಲ್ಲ, ಹಾಡೋ ಹೆಣ್ಣಿನ ಮ್ಯಾಲೆ ಮಂದಿ ಕಣ್ಣು ಬೀಳತದ ಅನ್ನೋ ಅಂಜಿಕಿ. ಧಾರವಾಡ ಆಕಾಶವಾಣಿ 1950ರಾಗ ಸುರು ಆದ ಮ್ಯಾಲೆ ಮನಿ ಮನ್ಯಾಗ ಹೆಣ್ಣಿನ ದನಿ ಬಂತು ಖರೆ. ರೇಡಿಯೋದಾಗ ಬಂದ್ರ ಎಲ್ಲಾರೂ ತಲಿದೂಗ್ತಿದ್ರು, ಸೊಸಿ ಬಾಯಾಗ ಬಂದ್ರ ಬ್ಯಾಡ.

ಐದು ವರ್ಷ ತಂಬೂರಿ ಅಟ್ಟದಾಗಿತ್ತು. ಹೆಂಚಿನ ಮನಿ ಅಟ್ಟ ಬ್ಯಾಸಗ್ಯಾಗ ಹೆಂಗ ಕಾಯತದ ಅಂತ ನಿಮಗ ಗೊತ್ತು. 1963ರ ಬ್ಯಾಸಗಿಯೊಳಗ ಉಪ್ಪಿನಕಾಯಿ ಭರಣಿ ತಗೀಲಿಕ್ಕೆ ಅತ್ತಿಯವರು ಅಟ್ಟ ಹತ್ತಿದಾಗ ತಬಲಿ ಸೀಳಿದ್ದು ಕಂಡಿತು. ತಂಬೂರಿ ತೊಡಿ ಮ್ಯಾಲೆ ಇಟ್ಕೊಂಡು ಅಲ್ಲೇ ಕೂತು ಅತ್ರು. ಯಾವಾಗೋ ಅಜ್ಜಿ ಏಣಿ ಕೆಳಗ ಬಂದು ನಿಂತಿದ್ಲು. ಏನೂ ಅನ್ನಲಿಲ್ಲ. ಹೊಳ್ಳಿ ಹೋದ್ಲು.

ಆ ವರ್ಷ ಅಜ್ಜಿಗೆ ಕಣ್ಣಿಗೆ ಪೊರಿ ಬಂದು, ಮಿರಜ ದವಾಖಾನ್ಯಾಗ ಆಪರೇಷನ್ ಅಂತ ಗೊತ್ತಾತು. ಸಂಗಾತ ಸೊಸಿ ಬರಲಿ ಅಂದ್ಲು. ಹೊಂಟ ದಿನ ಹಾಸಿಗಿ ಸುತ್ತೋವಾಗ ಅಜ್ಜಿನೇ ಅಂದ್ಲಂತ: "ಆ ನಿನ್ನ ತಂಬೂರಿ ಜಮಖಾನಿ ಒಳಗ ಸುತ್ತು. ಯಾರಿಗೂ ಕಾಣಬಾರದು." ರೊಕ್ಕ ಅಜ್ಜಿದೇ, ತುಪ್ಪ ಮಾರಿ ಕೂಡಿಸಿದ್ದು. ಇಪ್ಪತ್ತು ದಿನ ಮಿರಜಿನ್ಯಾಗ ಇದ್ರು. ದವಾಖಾನ್ಯಾಗ ಅಜ್ಜಿ ಕಣ್ಣು, ಓಣ್ಯಾಗ ತಂಬೂರಿ ತಬಲಿ, ಎರಡೂ ಕೂಡಿ ವಾಸಿ ಆದ್ವು.

ಹೊಳ್ಳಿ ಬಂದ ಮ್ಯಾಲೆ ತಂಬೂರಿ ಅಟ್ಟಕ್ಕ ಹೋಗಲಿಲ್ಲ, ಅಜ್ಜಿ ಖೋಲಿಯ ದೊಡ್ಡ ಕಪಾಟಿನ್ಯಾಗ ನಿಂತಿತು. ಗಂಡಸರು ಕೋರ್ಟಿಗೆ, ಕಚೇರಿಗೆ ಹೋದ ಮ್ಯಾಲೆ, ಉಂಡು ಪಾತ್ರಿ ಬಳದು, ಬಾಗಲ ಹಾಕ್ಕೊಂಡು ಅತ್ತಿಯವರು ಹಾಡ್ತಿದ್ರು. ಅಜ್ಜಿ ಎದುರಿಗೆ ಹಸಿರು ಪಟ್ಟಿ ಕಟಗೊಂಡ ಕಣ್ಣಿಲೆ ಬತ್ತಿ ಹೊಸೀತಾ ಕೂಡತಿದ್ಲು. ಎಂಟು ವರ್ಷ ಹಿಂಗ ನಡೀತು. ಅಜ್ಜಿಗೆ ಭೈರವಿ ಹಿಡಸ್ತಿತ್ತಂತ. ಹಾಡು ಮುಗದ ಮ್ಯಾಲೆ ಹಿಂಗಿತ್ತು, ಹಂಗಿತ್ತು ಅಂತ ಒಂದೂ ಮಾತಿಲ್ಲ. "ಚಹಾಕ್ಕ ಇಡು" ಅನ್ನೋದಷ್ಟೇ.

"ಮತ್ತ ಇಷ್ಟು ವರ್ಷ ನಾವೆಲ್ಲಾ ಅಜ್ಜಿಗೆ ಬಯ್ಯೋವಾಗ ನೀವ್ಯಾಕ ಸುಮ್ಮನಿದ್ರಿ?" ಅಂದೆ.

"ಆಕಿ ಆಣಿ ಹಾಕಿಸಿದ್ಲು. ಗಂಡಸರ ಮುಂದ ನನ್ನ ಮಾತು ಇಳೀಬಾರದು ಅಂದ್ಲು. ಮನ್ಯಾಗ ಆಕಿ ಮಾತು ಅಷ್ಟೇ ಇತ್ತು ಆಕಿ ಕಡೆ. ನಾನು ಅದನ್ನ ಹೆಂಗ ಇಳಸ್ಲಿ?" ಅಂದ್ರು. "ಈಗ ಪೆನ್ಸಿಲ್ಲೇ ಹೇಳಿದ ಮ್ಯಾಲೆ ನಾ ಮುಚ್ಚಿಟ್ಟು ಏನು ಮಾಡೋದದ."

"ಹಂಗಾದ್ರ ಹಾಡೋದು ನಿಂತಿದ್ದು ಯಾವಾಗ?"

"ಆಕಿ ಹೋದ ಮ್ಯಾಲೆ. ಮಧ್ಯಾಹ್ನ ಕೂತು ಕೇಳವ್ರು ಯಾರಿದ್ರು?"

ನಾವು ಐವತ್ತು ವರ್ಷ ಹೇಳಿಕೊಂಡು ಬಂದ ಕತಿ ಪೂರಾ ತಿರುವಿ ಬಿತ್ತು. ಅದಕ್ಕ ಕಾಕು, ಅಬಚಿ, ನಾದಿನೀರೇ, ಇದನ್ನ ಓದಿದ್ರ ಮನ್ಯಾಗ ಮಕ್ಕಳಿಗೆ ಹೇಳೋವಾಗ ತಿದ್ದಿ ಹೇಳ್ರಿ. ಅಜ್ಜಿ ಮೊದಲ ದಿನ ಬ್ಯಾಡ ಅಂದಿದ್ದೂ ಹೇಳ್ರಿ, ಅದನ್ನ ಮುಚ್ಚೋದು ಬ್ಯಾಡ. ಆಮ್ಯಾಲೆ ತುಪ್ಪದ ರೊಕ್ಕ ಕೊಟ್ಟಿದ್ದೂ ಹೇಳ್ರಿ.

ಇಪ್ಪತ್ತೆರಡು ದಿನದ ಮ್ಯಾಲೆ ಚಾಚಾನ ಫೋನ್ ಬಂತು. ಹೋದಾಗ ಮಾಡಿದ್ದೆಲ್ಲಾ ತೋರಿಸಿದ್ರು. ಬಿಳೇ ಅಂಟು ಕೆರದು ತಗದಿದ್ದಕ್ಕ ಸೀಳು ಅಗಲಾಗಿತ್ತು. ಬರೇ ಸರೇಸಿನಿಂದ ಮುಚ್ಚುವಂಗಿರಲಿಲ್ಲ. ಹಳೇ ತಂಬೂರಿಯ ತೂಣ ಕಟಗಿಯಿಂದ ಗೋಧಿ ಹುಲ್ಲಿನಷ್ಟು ತೆಳ್ಳಗಿನ ಎಳಿ ಸೀಳಿ, ಎಳಿ ದಿಕ್ಕು ಹೊಂದಿಸಿ ಸಂದ್ಯಾಗ ಕೂಡಿಸಿದ್ರು. ಒಳಗಿಂದ ಹೊಸಾವು ಆರು ಬಿಲ್ಲೆ. ಬಿಲ್ಲೆಯ ಎಳಿ ಸೀಳಿಗೆ ಅಡ್ಡ ಇರಬೇಕು, ಸೀಳಿನ ದಿಕ್ಕಿಗೇ ಇದ್ರ ಅದರ ಸಂಗಾತ ಅದೂ ಸೀಳತದ. ಬಿಲ್ಲೆ ದೊಡ್ಡಾವು ಮಾಡಿದ್ರ ತಬಲಿ ನಡುಗೋದು ನಿಂತು ದನಿ ಮುಚ್ಚತದ, ಸಣ್ಣಾವು ಮಾಡಿದ್ರ ಹಿಡಿಯಂಗಿಲ್ಲ. 1963ರ ಐದು ಬಿಲ್ಲೆ ಹಂಗೇ ಬಿಟ್ಟಿದ್ರು. "ಕೆಲಸ ಸರಿ ಅದ, ಯಾಕ ತಗೀಲಿ" ಅಂದ್ರು. ತಬಲಿ ಮತ್ತ ಕಾಯಿ ಮ್ಯಾಲೆ ಕೂಡಿಸಿ, ಸರೇಸು ಹಿಡಿಯೋ ತನಕ ಹಗ್ಗ ಸುತ್ತಿ ಬಿಗದು ಇಟ್ಟಿದ್ರಂತ, ಬಾಣಂತಿ ಹೊಟ್ಟಿ ಕಟ್ಟಿದಂಗ. ಕಡೀಗೆ ಘೋಡಿ ತಿಕ್ಕಿ ಜವಾರಿ ತಗದಿದ್ರು. ಘೋಡಿಯ ಮ್ಯಾಲಿನ ಮೈ ಕೂದಲೆಳಿಯಷ್ಟು ಹೆಚ್ಚು ಕಮ್ಮಿ ಆದ್ರೂ ತಂಬೂರಿಯ ಆ ಗುಂಯ್ ಅನ್ನೋ ದನಿ ಬರಂಗಿಲ್ಲ.

ಹೊರಗಿನ ಗೆರಿ ಮಾತ್ರ ಕಾಣಿಸ್ತದ. ಬಣ್ಣ ಹಚ್ಚಿ ಮುಚ್ಚಲೇನು ಅಂತ ಚಾಚಾ ಕೇಳಿದ್ರು. ನಾನು ಬ್ಯಾಡಂದೆ. ಪೆನ್ಸಿಲ್ಲಿನಿಂದ ಈ ವರ್ಷನೂ ಬರದೀರೇನು ಅಂದೆ. "ಮೊದಲೇ ಬರದೇನಿ" ಅಂದ್ರು.

ಅತ್ತಿಯವರಿಗೆ ಈಗ ಖುಂಟಿ ತಿರುವೋ ಶಕ್ತಿ ಬೆರಳಾಗಿಲ್ಲ. ಅವರು ಹೇಳ್ತಾರ, ನಾನು ತಿರುವತೇನಿ. "ಪಂಚಮ ಇಳದದ. ಇನ್ನೊಂದು ಕೂದಲು. ಸಾಕು ಸಾಕು, ಹರೀತೀ." ಮೊದಲನೇ ದಿನ ಅರ್ಧ ತಾಸು ಬೇಕಾತು. ಷಡ್ಜ ಕೂಡಿದಾಗ ಅವರು ಕಣ್ಣು ಮುಚ್ಚಿದ್ರು. ಹಾಡಲಿಲ್ಲ. ಮೀಟ್ತಾ ಕೂತ್ರು. ಮುಗದ ಮ್ಯಾಲೆ ನನ್ನ ಕಡೆ ತಿರುಗಿ, "ಚಹಾಕ್ಕ ಇಡು" ಅಂದ್ರು. ನಮ್ಮವರಿಗೆ ಯಾಕ ನಗತೇವಿ, ಯಾಕ ಕಣ್ಣಾಗ ನೀರು ಅಂತ ತಿಳೀಲಿಲ್ಲ.

ಕಡೀಗೆ ನಾಲ್ಕು ಮಾತು, ಚಾಚಾ ಹೇಳಿ ಕಳಿಸಿದ್ದು. ತಂಬೂರಿನ್ನ ಬಿಸಿಲು ಬೀಳೋ ಕಿಟಕಿ, ಅಟ್ಟ, ಒಲಿ ಮಗ್ಗಲಕ್ಕ ಇಡಬ್ಯಾಡ್ರಿ. ಭಾಳ ದಿನ ಬಾರಸಂಗಿಲ್ಲ ಅಂದ್ರ ತಂತಿ ಸ್ವಲ್ಪ ಸಡಲ ಬಿಡ್ರಿ, ಪೂರಾ ಬಿಚ್ಚಬ್ಯಾಡ್ರಿ. ಒದ್ದಿ ಅರಿವಿಲೆ ಒರಸಬ್ಯಾಡ್ರಿ, ಒಣ ಮೆತ್ತನ್ನ ಅರಿವಿ ಸಾಕು. ಸೀಳಿದ್ರ ತಂತಿ ಇಳಿಸಿ, ಸೀಳಿನ್ಯಾಗ ಏನೂ ತುಂಬದೇ, ಹಂಗೇ ತಿಳದವರ ಕಡೆ ಒಯ್ಯಿರಿ. ಗಂಡಸರ ಕೈಯಾಗ ಅಂಟಿನ ಡಬ್ಬಿ ಕೊಡಬ್ಯಾಡ್ರಿ ಅನ್ನೋದು ಚಾಚಾ ಹೇಳಿದ್ದಲ್ಲ, ನನ್ನ ಮಾತು.

ಮತ್ತ ನಿಮ್ಮ ಮನಿ ಅಟ್ಟದ ಮ್ಯಾಲೆ ಹಂಥಾದ್ದೊಂದು ಇದ್ರ ಕೆಳಗ ಇಳಸ್ರಿ. ಯಾರದು, ಯಾವಾಗ ತಂದಿದ್ದ್ರು, ಯಾರು ಬಾರಸ್ತಿದ್ರು ಅಂತ ಗೊತ್ತಿದ್ದವರು ಇರೋತನಕ ಕೇಳಿಕೊಳ್ಳ್ರಿ. ನಮ್ಮ ಅತ್ತಿಯವರು ಈಗ ದಿನಾ ಮಧ್ಯಾಹ್ನ ಉಂಡ ಮ್ಯಾಲೆ ಅರ್ಧ ತಾಸು ಮೀಟ್ತಾರ. ನಾನು ಎದುರಿಗೆ ಕೂತು ಬತ್ತಿ ಹೊಸೀತೇನಿ. ಬರೋದಿದ್ರ ಎರಡೂವರಿಗೆ ಬರ್ರಿ. ಬಾಗಲ ತಗದೇ ಇರ್ತದ.